ಅಂಜದ ಹಕ್ಕಿಯ ಮುಂದೆ

ಭೂಪಟವನ್ನು ಮುಂದೆ ಹರಡಿ, ಅಥಣಿಯ ಮೇಲೆ ಬೆರಳಿಟ್ಟು, ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಸರಿಯದೆ ನೆಟ್ಟಗೆ ದಕ್ಷಿಣಕ್ಕೆ ಇಳಿದು ನೋಡಿ. ಧಾರವಾಡವನ್ನು ಸವರಿಕೊಂಡು, ಸಾಗರ, ಆಗುಂಬೆ, ಕಾರ್ಕಳಗಳ ಮಲೆಸೀಮೆಯನ್ನು ಹಾಯ್ದು, ಕಾಸರಗೋಡಿನ ಬಳಿ ಬೆರಳು ಕಡಲಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಒಂದು ಹಿಡಿ ಮಣ್ಣೂ ಅದಕ್ಕೆ ತಾಗುವುದಿಲ್ಲ. ಮಾಲ್ಡೀವ್ಸ್ ಪಶ್ಚಿಮಕ್ಕೆ ಉಳಿಯುತ್ತದೆ. ಕೆರ್ಗೆಲೆನ್, ಹರ್ಡ್ ಎಂಬ ನಿರ್ಜನಪ್ರಾಯ ದ್ವೀಪಗಳೂ ಅದೇ ಕಡೆಗೆ ಉಳಿಯುತ್ತವೆ. ಸುಮಾರು ೯,೫೦೦ ಕಿಲೊಮೀಟರುಗಳ ಈ ಹಾದಿ ಕೊನೆಗೊಮ್ಮೆ ನೆಲ ಮುಟ್ಟುವುದು ಅಂಟಾರ್ಕ್ಟಿಕಾದ ಹಿಮತೀರದಲ್ಲಿ. ಅಲ್ಲಿ ಬೆರಳಿನ ತುದಿಯಿಂದ ಕೊಂಚವೇ ಪೂರ್ವಕ್ಕೆ, ಲಾರ್ಸ್‌ಮನ್ ಗುಡ್ಡಗಳ ನಡುವೆ, ೨೦೧೨ರಲ್ಲಿ ಆರಂಭವಾದ ನಮ್ಮ ದೇಶದ ಸಂಶೋಧನಾ ಕೇಂದ್ರ 'ಭಾರತಿ' ನಿಂತಿದೆ. ಅದರ ಸುತ್ತಿನ ಕಡಲಂಚು ಅಡೆಲಿ ಪೆಂಗ್ವಿನ್‌ಗಳ ಸಂಚಾರದ ಸೀಮೆ. ಅನತಿದೂರದ ಅಮಂಡಾ ಕೊಲ್ಲಿ ಚಕ್ರವರ್ತಿ ಪೆಂಗ್ವಿನ್‌ಗಳ ತವರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡಗಳೂ ಈ ರೇಖೆಯಿಂದ ಒಂದು ಅಂಶದೊಳಗೇ ಇವೆ. ಹಾಗೆ ನೋಡಿದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರು ಕುಡಿಯುವ ಈ ಗಡಿಸೀಮೆಯ ಜನರಿಗೆ ಪೆಂಗ್ವಿನ್ ತೀರ ಪರಕೀಯವಾದ ಪಕ್ಷಿಯಲ್ಲ. ನಡುವೆ ಬೇರೊಂದು ಊರಿಲ್ಲದ, ನೇರ ದಕ್ಷಿಣದ ನೆರೆಯ ಜೀವಿ ಅದು. ಹೊಗೆಸೊಪ್ಪಿನ ಘಾಟು ಮತ್ತು ಕಬ್ಬಿನ ಗಾಣದ ಹಬೆಗೆ ಒಗ್ಗಿದ ಮೂಗಿಗೆ ಹಿಮದ ವಾಸನೆ ಹೇಗಿದ್ದೀತೆಂದು ಊಹಿಸುವುದು ಕಷ್ಟವೇನೋ ಹೌದು. ಆದರೂ ಈ ಹಕ್ಕಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇಲ್ಲದಿಲ್ಲ. ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಜನರಿಗೆ ಮುಂಬಯಿಯ ನಂಟು ಇನ್ನೂ ಹರಿದಿಲ್ಲ. ಅಲ್ಲಿನ ಭಾಯಖಳಾ ಪ್ರಾಣಿಸಂಗ್ರಹಾಲಯಕ್ಕೆ ೨೦೧೬ರಲ್ಲಿ ದಕ್ಷಿಣ ಕೊರಿಯದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ನೆಂಟರ ಮನೆಗೆಂದು ಹೋದವರು ಮಕ್ಕಳ ಕೈ ಹಿಡಿದು ಸರತಿಯಲ್ಲಿ ನಿಂತು, ಗಾಜಿನ ಆಚೆಗೆ ಶೀತಲಗೊಳಿಸಿದ ಕೋಣೆಯಲ್ಲಿ ಅವು ಈಜುವುದನ್ನು ಕಂಡು ಬರುತ್ತಾರೆ. ಗಾಜಿಗೆ ಮೂತಿಯೊತ್ತಿ ಚಿತ್ರವನ್ನೂ ತೆಗೆದು ತರುತ್ತಾರೆ.

ಆ ಚಿತ್ರಕ್ಕೂ ಹಿಮದ ಮೇಲೆ ತನ್ನ ಪಾಡಿಗೆ ತಾನು ಬಾಳುವ ಪೆಂಗ್ವಿನ್ನಿನ ಚಿತ್ರಕ್ಕೂ ಅಜಗಜಾಂತರ. ಈ ಎರಡನೆಯದನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕಾಗಿದೆ. ಧ್ರುವಪ್ರದೇಶದಲ್ಲಿ ಚಿತ್ರ ತೆಗೆಯುವುದು ಕಷ್ಟವೆಂದರೆ ಚಳಿಯೇ ಕಷ್ಟವೆಂದು ಯಾರಾದರೂ ಭಾವಿಸುವುದು ಸಹಜ. ಆದರೆ ನೂರು ವರ್ಷಗಳಿಗೂ ಮೀರಿದ ಈ ಕಲೆಯ ಇತಿಹಾಸವನ್ನು ತಿರುವಿ ನೋಡಿದರೆ ಬೇರೆಯೇ ಒಂದು ಮಾತು ಎದ್ದು ಕಾಣುತ್ತದೆ. ಅಲ್ಲಿಯ ನಿಜವಾದ ಪರೀಕ್ಷೆ ಚಳಿಯದಲ್ಲ. ಹಕ್ಕಿ ನಮಗೆ ಅಂಜುವುದಿಲ್ಲವೆಂಬುದೇ ಆ ಪರೀಕ್ಷೆ.

ಓಡುವ ಹಕ್ಕಿ, ಓಡದ ಹಕ್ಕಿ

ನಮ್ಮ ನಾಡಿನಲ್ಲಿ ಹಕ್ಕಿಯ ಚಿತ್ರ ತೆಗೆಯುವವನ ಮೊದಲ ಪಾಠ ಅಡಗುವುದು. ಕೃಷ್ಣೆಯ ದಂಡೆಯ ಮಿಂಚುಳ್ಳಿಯಾಗಲಿ, ಕೆರೆಯಂಗಳದ ಕೊಕ್ಕರೆಯಾಗಲಿ ಮನುಷ್ಯನ ಆಕಾರವನ್ನು ಕಂಡೊಡನೆ ರೆಕ್ಕೆ ಬಿಚ್ಚುತ್ತದೆ. ಆದುದರಿಂದಲೇ ಸೊಪ್ಪುಸದೆಗಳ ಮರೆ, ಬಟ್ಟೆಯ ಗುಡಾರ, ತಾಸುಗಟ್ಟಲೆಯ ಮೌನ, ದೂರವನ್ನು ಹತ್ತಿರಕ್ಕೆ ಎಳೆಯುವ ಉದ್ದನೆಯ ಮಸೂರ ಇವೆಲ್ಲ ಬೇಕಾದವು. ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣವನ್ನು ಒಂದು ವ್ರತದಂತೆ ನಡೆಸಿದ್ದು, ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಂಚಿನಲ್ಲಿ ಕ್ಯಾಮರಾ ಹಿಡಿದು ಹಕ್ಕಿಗಳಿಗಾಗಿ ಕಾದು ಕುಳಿತದ್ದು, ಎಲ್ಲವೂ ಈ ಒಂದು ಸತ್ಯಕ್ಕೆ ತಲೆಬಾಗಿಯೇ. ಹಕ್ಕಿಗೆ ನಮ್ಮ ಭಯವಿದೆ. ಆ ಭಯವೇ ನಮಗೂ ಅದಕ್ಕೂ ನಡುವಣ ದೂರವನ್ನು ನಿಶ್ಚಯಿಸುತ್ತದೆ.

ಅಂಟಾರ್ಕ್ಟಿಕಾದಲ್ಲಿ ಈ ವ್ಯವಸ್ಥೆ ತಲೆಕೆಳಗಾಗಿದೆ. ಆ ಖಂಡದ ನೆಲದ ಮೇಲೆ ತೋಳವಿಲ್ಲ, ನರಿಯಿಲ್ಲ, ಬೆಕ್ಕಿನ ಜಾತಿಯ ಯಾವ ಪ್ರಾಣಿಯೂ ಇಲ್ಲ. ಉತ್ತರ ಧ್ರುವದ ಬಿಳಿ ಕರಡಿ ಅಲ್ಲಿಗೆ ಎಂದೂ ಹೋಗಿಲ್ಲ. ಪೆಂಗ್ವಿನ್ನಿನ ವೈರಿಗಳಿರುವುದು ಕಡಲೊಳಗೆ: ಚಿರತೆ ಸೀಲ್ ಮತ್ತು ಕೊಲೆಗಾರ ತಿಮಿಂಗಿಲ. ಮೇಲಿನಿಂದ ಸ್ಕುವಾ ಎಂಬ ಕಂದು ಬಣ್ಣದ ಹಕ್ಕಿ ತತ್ತಿಯನ್ನೋ ಮರಿಯನ್ನೋ ಕದ್ದೊಯ್ಯಲು ಹವಣಿಸುತ್ತದೆ. ಆದರೆ ನೆಲದ ಮೇಲೆ ಎರಡು ಕಾಲಲ್ಲಿ ನೆಟ್ಟಗೆ ನಡೆದು ಬರುವ ಜೀವಿಯಿಂದ ಅಪಾಯವುಂಟೆಂಬ ತಿಳಿವಳಿಕೆ ಪೆಂಗ್ವಿನ್ನಿನ ರಕ್ತದಲ್ಲಿ ಬೆರೆತಿಲ್ಲ. ಆದ್ದರಿಂದ ಅದು ಓಡುವುದಿಲ್ಲ. ಮಾತ್ರವಲ್ಲ, ಕುತೂಹಲದಿಂದ ಎದುರು ಬರುತ್ತದೆ. ಮೊಣಕಾಲೆತ್ತರದ ಅಡೆಲಿ ಪೆಂಗ್ವಿನ್ ಕತ್ತು ಕೊಂಕಿಸಿ ಒಂದು ಕಣ್ಣಿನಿಂದ ನೋಡಿ, ಮತ್ತೆ ಇನ್ನೊಂದು ಕಣ್ಣಿನಿಂದ ನೋಡುತ್ತದೆ. ಒಂದು ಮೀಟರಿಗೂ ಎತ್ತರವಾಗಿ, ನಲವತ್ತು ಕಿಲೊವರೆಗೂ ತೂಗುವ ಚಕ್ರವರ್ತಿ ಪೆಂಗ್ವಿನ್ ಗಾಂಭೀರ್ಯದಿಂದ ಮುಂದೆ ನಿಂತು ಬಿಡುತ್ತದೆ.

ಛಾಯಾಗ್ರಾಹಕನಿಗೆ ಇದಕ್ಕಿಂತ ಭಾಗ್ಯ ಯಾವುದೆಂದು ಕೇಳಬಹುದು. ಭಾಗ್ಯವೇ ಸರಿ. ಆದರೆ ಬೇಲಿಯಿಲ್ಲದ ಹೊಲದ ಮುಂದೆ ನಿಂತ ದನದಂತೆ, ತಡೆಯುವವರಿಲ್ಲದ ಭಾಗ್ಯದ ಮುಂದೆ ಮನುಷ್ಯನೂ ತನ್ನನ್ನು ತಾನು ತಡೆದುಕೊಳ್ಳುವುದು ಕಷ್ಟ. ಈ ಮಾತಿಗೆ ಚರಿತ್ರೆ ಎರಡು ಬಗೆಯ ಸಾಕ್ಷ್ಯವನ್ನು ಇಟ್ಟಿದೆ.

ಪಾಂಟಿಂಗ್‌ನ ಗಾಜಿನ ಫಲಕಗಳು

ಮೊದಲನೆಯದು ಸಂತೋಷದ ಸಾಕ್ಷ್ಯ. ೧೯೧೦ರಲ್ಲಿ ಕ್ಯಾಪ್ಟನ್ ಸ್ಕಾಟ್ 'ಟೆರಾ ನೋವಾ' ಹಡಗಿನಲ್ಲಿ ದಕ್ಷಿಣ ಧ್ರುವಯಾತ್ರೆಗೆ ಹೊರಟಾಗ ಹರ್ಬರ್ಟ್ ಪಾಂಟಿಂಗ್ ಎಂಬ ನುರಿತ ಛಾಯಾಗ್ರಾಹಕನನ್ನು ಜತೆಗೆ ಕರೆದೊಯ್ದನು. ಅಂದಿನ ಕ್ಯಾಮರಾ ಅಂಗೈಯ ವಸ್ತುವಲ್ಲ. ಮರದ ಪೆಟ್ಟಿಗೆ, ಮೂರು ಕಾಲಿನ ನಿಲುವು, ಒಡೆಯುವ ಗಾಜಿನ ಫಲಕಗಳು. ಚಲನಚಿತ್ರಕ್ಕಾದರೆ ಕೈಯಿಂದ ಒಂದೇ ವೇಗದಲ್ಲಿ ತಿರುಗಿಸಬೇಕಾದ ಹಿಡಿಕೆ. ಈ ಯಂತ್ರದ ಸ್ವಭಾವ ನಮ್ಮ ಭಾಗಕ್ಕೆ ತೀರ ಅಪರಿಚಿತವಲ್ಲ: ನಿಪ್ಪಾಣಿಗೆ ಹತ್ತಿರದ ಕೊಲ್ಲಾಪುರದಲ್ಲಿ ಬಾಬೂರಾವ್ ಪೇಂಟರ್ ಅದೇ ದಶಕದ ಕೊನೆಯಲ್ಲಿ ಇಂಥದೇ ಕ್ಯಾಮರಾವನ್ನು ತಾವೇ ಕಟ್ಟಿ, ೧೯೨೦ರಲ್ಲಿ 'ಸೈರಂಧ್ರಿ' ಚಿತ್ರವನ್ನು ತೆರೆಗೆ ತಂದರು. ಆ ಹಿಡಿಕೆಯನ್ನು ಹಿಮಗಾಳಿಯಲ್ಲಿ ತಿರುಗಿಸುವುದೆಂದರೆ ಏನೆಂದು ಊಹಿಸಬೇಕು. ಬರಿಯ ಬೆರಳು ಲೋಹಕ್ಕೆ ತಾಗಿದರೆ ಸುಟ್ಟಂತಾಗುತ್ತಿತ್ತು. ಒಮ್ಮೆ ಪಾಂಟಿಂಗ್‌ನ ನಾಲಿಗೆಯ ತುದಿ ಕ್ಯಾಮರಾದ ಲೋಹಕ್ಕೆ ತಾಗಿ ಅಲ್ಲಿಯೇ ಹೆಪ್ಪುಗಟ್ಟಿ, ಕಿತ್ತು ಬಿಡಿಸಿಕೊಂಡಾಗ ಚರ್ಮ ಸುಲಿದುಹೋಯಿತೆಂದು ಅವನೇ ಬರೆದಿದ್ದಾನೆ.

ಇಷ್ಟೆಲ್ಲ ಸಹಿಸಿ ಪಾಂಟಿಂಗ್ ಕೇಪ್ ರಾಯ್ಡ್ಸ್‌ನ ಅಡೆಲಿ ಪೆಂಗ್ವಿನ್‌ಗಳನ್ನು ಚಿತ್ರಿಸಿದನು. ಅವು ಕಲ್ಲುಗಳನ್ನು ಕೂಡಿಸಿ ಗೂಡು ಕಟ್ಟುವುದು, ನೆರೆಯ ಗೂಡಿನ ಕಲ್ಲನ್ನು ಮೆಲ್ಲನೆ ಕದಿಯುವುದು, ಗಂಡು ಹೆಣ್ಣು ಸರದಿಯಂತೆ ತತ್ತಿಯ ಮೇಲೆ ಕೂರುವುದು, ಇವೆಲ್ಲ ಅಂದಿನವರೆಗೆ ಲೋಕಕ್ಕೆ ಚಲಿಸುವ ಚಿತ್ರಗಳಾಗಿ ಕಂಡಿರಲಿಲ್ಲ. ಅದೇ ತಂಡದ ವೈದ್ಯ ಮರ್ರೆ ಲೆವಿಕ್ ೧೯೧೧-೧೨ರ ಬೇಸಗೆಯನ್ನು ಕೇಪ್ ಅಡೇರ್‌ನ ಪೆಂಗ್ವಿನ್ ಪಾಳೆಯದ ನಡುವೆಯೇ ಕಳೆದು, ಕಂಡುದನ್ನು ಬರೆದಿಟ್ಟು ಚಿತ್ರಗಳನ್ನೂ ತೆಗೆದು, ೧೯೧೪ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇನ್ನು ಚಕ್ರವರ್ತಿ ಪೆಂಗ್ವಿನ್ ತತ್ತಿಯಿಡುವುದು ಸೂರ್ಯನೇ ಮೂಡದ ನಡುಚಳಿಗಾಲದಲ್ಲಿ. ೧೯೧೧ರ ಜೂನ್ ತಿಂಗಳ ಕೊನೆಯಲ್ಲಿ ವಿಲ್ಸನ್, ಬವರ್ಸ್, ಚೆರಿ-ಗರಾರ್ಡ್ ಎಂಬ ಮೂವರು ಆ ಕತ್ತಲೆಯಲ್ಲಿ, ಸೊನ್ನೆಗಿಂತ ೬೦ ಡಿಗ್ರಿವರೆಗೂ ಇಳಿದ ಚಳಿಯಲ್ಲಿ ಕೇಪ್ ಕ್ರೋಜಿಯರ್‌ಗೆ ನಡೆದುಹೋಗಿ ಮೂರೇ ಮೂರು ತತ್ತಿಗಳನ್ನು ಜೋಪಾನವಾಗಿ ತಂದರು. ಚಿತ್ರ ತೆಗೆಯಲು ಅಲ್ಲಿ ಬೆಳಕೇ ಇರಲಿಲ್ಲ. ಅವರು ಐದು ವಾರಗಳ ಮೇಲೆ ಗುಡಿಸಲಿಗೆ ಮರಳಿದಾಗ ಪಾಂಟಿಂಗ್ ತೆಗೆದ ಅವರ ಮುಖಗಳ ಚಿತ್ರ ಮಾತ್ರ ಉಳಿದಿದೆ. ಆ ಸುಕ್ಕುಗಳನ್ನು ನೋಡಿದವರು ಪೆಂಗ್ವಿನ್ನಿನ ಚಳಿಗಾಲ ಎಂಥದೆಂದು ಅರಿಯಬಲ್ಲರು.

ನಿರ್ಭಯಕ್ಕೆ ತೆತ್ತ ಬೆಲೆ

ಎರಡನೆಯ ಸಾಕ್ಷ್ಯ ದುಃಖದ್ದು. ಆಸ್ಟ್ರೇಲಿಯಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವೆ ಮೆಕ್ವಾರಿ ಎಂಬ ದ್ವೀಪವಿದೆ. ರಾಜ ಪೆಂಗ್ವಿನ್ ಮತ್ತು ರಾಯಲ್ ಪೆಂಗ್ವಿನ್ ಎಂಬ ಎರಡು ಜಾತಿಯ ಹಕ್ಕಿಗಳು ಅಲ್ಲಿ ಲಕ್ಷಗಟ್ಟಲೆಯಾಗಿ ನೆರೆಯುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಜಿಲೆಂಡಿನ ಜೋಸೆಫ್ ಹ್ಯಾಚ್ ಎಂಬ ವರ್ತಕನು ಅಲ್ಲಿಗೆ ಉಕ್ಕಿನ ದೊಡ್ಡ ಹಬೆಯ ಕಡಾಯಿಗಳನ್ನು ಸಾಗಿಸಿದನು. ಅವನಿಗೆ ಬೇಕಾದದ್ದು ಎಣ್ಣೆ. ಒಂದು ಹಕ್ಕಿಯನ್ನು ಬೇಯಿಸಿದರೆ ಸಿಗುವುದು ಸುಮಾರು ಅರ್ಧ ಲೀಟರು. ಬಲೆ ಬೇಡ, ಬಂದೂಕು ಬೇಡ. ಓಡದ ಹಕ್ಕಿಯನ್ನು ಕೊಲ್ಲಲು ಒಂದು ಕೋಲು ಸಾಕು. ಸುಮಾರು ಮೂವತ್ತು ವರ್ಷಗಳ ಕಾಲ ಈ ವ್ಯಾಪಾರ ನಡೆಯಿತು. ಮನುಷ್ಯನನ್ನು ನಂಬಿದ್ದೇ ಆ ಹಕ್ಕಿಯ ಅಪರಾಧ.

ಇದನ್ನು ನಿಲ್ಲಿಸಿದ್ದು ಹೇಗೆ ಎಂಬುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ. ಡಗ್ಲಾಸ್ ಮಾಸನ್‌ನ ೧೯೧೧-೧೪ರ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಫ್ರಾಂಕ್ ಹರ್ಲಿ ಎಂಬ ಛಾಯಾಗ್ರಾಹಕನಿದ್ದನು. ಅವನ ಚಿತ್ರಗಳೂ ಇತ್ತ ಲಂಡನ್ನಿನಲ್ಲಿ ೧೯೧೪ರಲ್ಲಿ ಪಾಂಟಿಂಗ್ ಭಾಷಣ ಮಾಡುತ್ತ ತೋರಿಸಿದ ಚಲನಚಿತ್ರಗಳೂ ಪೆಂಗ್ವಿನ್ನನ್ನು ಮನೆಮಾತಾಗಿಸಿದವು. ಅದುವರೆಗೆ ಎಣ್ಣೆಯ ಪೀಪಾಯಿಯಾಗಿದ್ದ ಹಕ್ಕಿ ಜನರ ಕಣ್ಣಿಗೆ ಒಂದು ಸಂಸಾರವಂದಿಗ ಜೀವಿಯಾಗಿ ಕಂಡಿತು. ಮಾಸನ್, ಚೆರಿ-ಗರಾರ್ಡ್ ಮೊದಲಾದವರು ಎತ್ತಿದ ಕೂಗಿಗೆ ಕಿವಿಗೊಡುವ ಜನ ಸಿದ್ಧರಾಗಿದ್ದುದು ಹೀಗೆ. ಹ್ಯಾಚ್‌ನ ಪರವಾನಗಿ ಮತ್ತೆ ಮುಂದುವರಿಯಲಿಲ್ಲ. ೧೯೩೩ರಲ್ಲಿ ಮೆಕ್ವಾರಿ ದ್ವೀಪ ಅಭಯಧಾಮವಾಯಿತು. ೧೯೯೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತುಕ್ಕು ಹಿಡಿದ ಆ ಕಡಾಯಿಗಳು ಇಂದಿಗೂ ಅಲ್ಲಿಯೇ ನಿಂತಿವೆ. ಅವುಗಳ ಸುತ್ತ ರಾಜ ಪೆಂಗ್ವಿನ್‌ಗಳು ಸಂತೆಯಂತೆ ನೆರೆದಿವೆ. ಒಂದು ಜೀವಕುಲವನ್ನು ಉಳಿಸುವ ಕಾರ್ಯದಲ್ಲಿ ಕ್ಯಾಮರಾ ಕೈಗೂಡಿಸಿದ ಮೊದಲ ಪ್ರಸಂಗಗಳಲ್ಲಿ ಇದೊಂದು.

ಆದರೆ ಕಥೆ ಇಲ್ಲಿಗೆ ಮುಗಿದು ಮಂಗಳವಾಗಲಿಲ್ಲ. ಹಕ್ಕಿಯನ್ನು ಉಳಿಸಿದ ಚಿತ್ರವೇ ಹಕ್ಕಿಯನ್ನು ನೋಡಬೇಕೆಂಬ ಆಸೆಯನ್ನೂ ಹುಟ್ಟಿಸಿತು. ಇಂದು ಬೇಸಗೆಯ ಕೆಲವೇ ತಿಂಗಳುಗಳಲ್ಲಿ, ಬಹುಮಟ್ಟಿಗೆ ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಬಂದರಿನಿಂದ, ಹಡಗುಗಳು ಎರಡು ದಿನಗಳ ಬಿರುಗಡಲನ್ನು ದಾಟಿ ಪ್ರವಾಸಿಗಳನ್ನು ಅಂಟಾರ್ಕ್ಟಿಕಾಕ್ಕೆ ಕೊಂಡೊಯ್ಯುತ್ತವೆ. ೨೦೨೩-೨೪ರ ಋತುವಿನಲ್ಲಿ ಹೀಗೆ ಹೋದವರ ಸಂಖ್ಯೆ ಲಕ್ಷವನ್ನು ಮೀರಿತು. ಕೋಲು ಹಿಡಿದವರು ಹೋದರು, ನಿಜ; ಈಗ ಬರುವವರ ಕೈಯಲ್ಲೆಲ್ಲ ಕ್ಯಾಮರಾ.

ಸದ್ದಿಲ್ಲದ ಎದೆಬಡಿತ

ಓಡದ ಹಕ್ಕಿ ಹೆದರಿಲ್ಲವೆಂದೇ ನಾವು ತಿಳಿಯುತ್ತೇವೆ. ಶಾಸ್ತ್ರಜ್ಞರು ಈ ತಿಳಿವಳಿಕೆಯನ್ನು ಒರೆಗೆ ಹಚ್ಚಿದರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಕಾವಿಗೆ ಕುಳಿತ ಪೆಂಗ್ವಿನ್ನಿನ ಎದೆಬಡಿತವನ್ನು ಅಳೆಯುವ ಉಪಾಯಗಳನ್ನು ಅವರು ಹುಡುಕಿದರು. ಅದರಲ್ಲೊಂದು, ಗೂಡಿನಲ್ಲಿ ಇರಿಸಿದ ಕೃತಕ ತತ್ತಿ. ಹಕ್ಕಿ ಅದನ್ನು ತನ್ನದೆಂದು ಕಾವಲಿರುವಾಗ ತತ್ತಿಯೊಳಗಿನ ಯಂತ್ರ ಎದೆಬಡಿತವನ್ನು ದಾಖಲಿಸುತ್ತಿತ್ತು. ಹೊರಗೆ ಕಲ್ಲಿನಂತೆ ಕುಳಿತಿದ್ದ ಹಕ್ಕಿಯ ಎದೆ, ಮನುಷ್ಯ ಹತ್ತಿರ ಬಂದಂತೆ ಒಳಗೆ ಡವಗುಟ್ಟುತ್ತಿತ್ತೆಂದು ಆಗ ತಿಳಿಯಿತು. ನಿಧಾನವಾಗಿ ಬಂದು ದೂರದಲ್ಲಿ ನಿಂತವನಿಂದ ಆಗುವ ಏರುಪೇರು ಅಲ್ಪ. ದಿಢೀರನೆ ತೀರ ಸಮೀಪಕ್ಕೆ ಬಂದವನಿಂದ ಆಗುವುದು ಬಹಳ. ಬಾಯಿಲ್ಲದ ಜೀವಿ ಸುಮ್ಮನಿದ್ದಿತೆಂದರೆ ಸಮ್ಮತಿಯಿತ್ತಿತೆಂದು ಅರ್ಥವಲ್ಲ. ತತ್ತಿಯನ್ನು ಬಿಟ್ಟು ಏಳುವಂತಿಲ್ಲ, ಆದುದರಿಂದ ಕುಳಿತಿದೆ, ಅಷ್ಟೆ.

೨೦೧೪ರಲ್ಲಿ ಫ್ರಾನ್ಸಿನ ಈವಾನ್ ಲ ಮಾವೊ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಕ್ರಗಳ ಮೇಲೆ ಉರುಳುವ ಚಿಕ್ಕ ಯಂತ್ರವೊಂದನ್ನು ಪೆಂಗ್ವಿನ್‌ಗಳ ಬಳಿಗೆ ಕಳುಹಿಸಿದರು. ಮನುಷ್ಯನು ಬಂದಾಗ ಏರುವುದಕ್ಕಿಂತ ಯಂತ್ರ ಬಂದಾಗ ಎದೆಬಡಿತ ಕಡಮೆ ಏರಿ, ಬೇಗನೆ ಇಳಿಯಿತು. ಬಳಿಕ ಅದಕ್ಕೆ ಬೂದು ತುಪ್ಪುಳದ ಮರಿಯ ವೇಷ ತೊಡಿಸಿ ಚಕ್ರವರ್ತಿ ಪೆಂಗ್ವಿನ್‌ಗಳ ಗುಂಪಿಗೆ ಬಿಟ್ಟರು. ಹಿರಿಯ ಹಕ್ಕಿಗಳು ಅದನ್ನು ತಮ್ಮಲ್ಲೊಂದೆಂದು ಬಗೆದು ಹತ್ತಿರ ಸೇರಿಸಿಕೊಂಡವು, ಅದರೊಡನೆ ದನಿಗೂಡಿಸಿ ಮಾತನಾಡಲೂ ನೋಡಿದವು. ಉತ್ತರ ಬರಲಿಲ್ಲವೆಂಬುದು ಬೇರೆಯ ಮಾತು.

ಹದಿನೈದು ಅಡಿಯ ಶಿಸ್ತು

ಇಂತಹ ಅರಿವಿನ ಫಲವಾಗಿ ಇಂದು ಅಂಟಾರ್ಕ್ಟಿಕಾದಲ್ಲಿ ಕ್ಯಾಮರಾ ಹಿಡಿಯುವವನಿಗೆ ಒಂದು ಶಾಸ್ತ್ರವೇ ಏರ್ಪಟ್ಟಿದೆ. ೧೯೫೯ರಲ್ಲಿ ಸಹಿಯಾದ ಅಂಟಾರ್ಕ್ಟಿಕಾ ಒಪ್ಪಂದ, ೧೯೯೧ರಲ್ಲಿ ಮ್ಯಾಡ್ರಿಡ್‌ನಲ್ಲಿ ರೂಪುಗೊಂಡು ೧೯೯೮ರಲ್ಲಿ ಜಾರಿಗೆ ಬಂದ ಪರಿಸರ ನಿಯಮಾವಳಿ, ಪ್ರವಾಸಿ ಹಡಗುಗಳವರು ೧೯೯೧ರಲ್ಲಿಯೇ ಕಟ್ಟಿಕೊಂಡ ಸಂಘದ ಕಟ್ಟುಪಾಡುಗಳು, ಇವೆಲ್ಲ ಕೂಡಿ ಆದ ಶಾಸ್ತ್ರ ಇದು. ಪೆಂಗ್ವಿನ್ನಿನಿಂದ ಕನಿಷ್ಠ ಐದು ಮೀಟರು, ಎಂದರೆ ಹದಿನೈದು ಅಡಿಗೂ ಮಿಗಿಲಾದ ದೂರದಲ್ಲಿ ನಿಲ್ಲಬೇಕು. ಹಕ್ಕಿ ತಾನಾಗಿ ಬಳಿಗೆ ಬಂದರೆ ಅಲುಗಾಡದೆ ನಿಲ್ಲಬೇಕು, ಇಲ್ಲವೆ ಮೆಲ್ಲನೆ ಹಿಂದೆ ಸರಿಯಬೇಕು. ಒಂದು ತಾಣದಲ್ಲಿ ಒಂದೇ ಸಲಕ್ಕೆ ನೂರಕ್ಕಿಂತ ಹೆಚ್ಚು ಪ್ರವಾಸಿಗಳು ಇಳಿಯಕೂಡದು. ಕಡಲಿಗೂ ಗೂಡಿಗೂ ನಡುವೆ ಹಕ್ಕಿಗಳೇ ಹಿಮದಲ್ಲಿ ತುಳಿದು ಮಾಡಿಕೊಂಡ ಕಾಲುದಾರಿಗಳಿರುತ್ತವೆ. ಅವಕ್ಕೆ ಅಡ್ಡ ನಿಲ್ಲಬಾರದು, ಏಕೆಂದರೆ ದಾರಿಯ ಆಚೆ ತುದಿಯಲ್ಲಿ ಹಸಿದ ಮರಿಯಿರುತ್ತದೆ. ವಿನೋದಕ್ಕಾಗಿ ಡ್ರೋನ್ ಹಾರಿಸುವಂತಿಲ್ಲ: ಮೇಲಿನಿಂದ ಬರುವ ನೆರಳು ಪೆಂಗ್ವಿನ್ನಿಗೆ ಸ್ಕುವಾವೇ ಸರಿ.

ನಮ್ಮ ದೇಶವೂ ಈ ಹೊಣೆಯಿಂದ ಹೊರಗಿಲ್ಲ. ೧೯೮೧ರ ಡಿಸೆಂಬರ್ ೬ರಂದು ಎಸ್.ಜೆಡ್. ಖಾಸಿಮ್ ಅವರ ನಾಯಕತ್ವದಲ್ಲಿ ೨೧ ಜನರ ಮೊದಲ ಭಾರತೀಯ ತಂಡ ಹಡಗು ಹತ್ತಿದ್ದು ನಮ್ಮ ಮಗ್ಗುಲಿನ ಗೋವೆಯಿಂದಲೇ. ಅವರು ಹಿಮಖಂಡದ ಮೇಲೆ ಕಾಲಿರಿಸಿದ್ದು ೧೯೮೨ರ ಜನವರಿ ೯ರಂದು. ೧೯೮೩ರಲ್ಲಿ ಭಾರತ ಆ ಒಪ್ಪಂದಕ್ಕೆ ಸೇರಿತು. ೨೦೨೨ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಅಂಟಾರ್ಕ್ಟಿಕಾ ಕಾಯಿದೆಯ ಪ್ರಕಾರ, ಅಲ್ಲಿನ ಹಕ್ಕಿಗಳನ್ನು ಕೊಲ್ಲುವುದಷ್ಟೇ ಅಲ್ಲ, ಅನುಮತಿಯಿಲ್ಲದೆ ಅವುಗಳ ನೆಮ್ಮದಿಯನ್ನು ಕದಡುವುದೂ ಅಪರಾಧ.

ಇತ್ತೀಚೆಗೆ ಇನ್ನೊಂದು ಕಟ್ಟಳೆ ಸೇರಿಕೊಂಡಿದೆ. ೨೦೨೩ರ ಅಕ್ಟೋಬರಿನಲ್ಲಿ ಹಕ್ಕಿಜ್ವರ ದಕ್ಷಿಣ ಜಾರ್ಜಿಯಾ ದ್ವೀಪಸಮೂಹವನ್ನೂ, ೨೦೨೪ರ ಫೆಬ್ರವರಿಯ ಹೊತ್ತಿಗೆ ಅಂಟಾರ್ಕ್ಟಿಕಾ ಖಂಡವನ್ನೂ ಮುಟ್ಟಿತು. ಅಂದಿನಿಂದ ದಡದಲ್ಲಿ ಇಳಿದವರು ನೆಲದ ಮೇಲೆ ಕೂರುವಂತಿಲ್ಲ, ಮೊಣಕಾಲೂರುವಂತಿಲ್ಲ, ಚೀಲವನ್ನೂ ಇಡುವಂತಿಲ್ಲ. ಇಳಿಯುವ ಮೊದಲೂ ಹತ್ತಿದ ಮೇಲೂ ಬೂಟುಗಳನ್ನು ಔಷಧದ ನೀರಿನಲ್ಲಿ ತೊಳೆಯಬೇಕು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮರಾ ಇಳಿದರೇ ಚಿತ್ರಕ್ಕೆ ಜೀವ ಬರುವುದೆಂದು ಬಲ್ಲವರು ಹೇಳುತ್ತಾರೆ. ಬಹುಕಾಲ ಛಾಯಾಗ್ರಾಹಕರು ಹೊಟ್ಟೆಯ ಮೇಲೆ ಮಲಗಿ ಚಿತ್ರ ತೆಗೆದದ್ದೂ ಉಂಟು. ಈಗ ಆ ಸುಖವಿಲ್ಲ. ತಗ್ಗಿನಲ್ಲಿ ನಿಂತು, ದಿಬ್ಬದ ಮೇಲಿನ ಹಕ್ಕಿಗಾಗಿ ಕಾಯಬೇಕು. ಚಿತ್ರ ಕೊಂಚ ಕುಂದಬಹುದು, ಹಕ್ಕಿ ಕುಂದಬಾರದು.

ಇನ್ನು ಕಸಬಿನ ಮಾತು. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿಯ ರುಮಾಲು ಸುತ್ತಿದ ಹಿರಿಯರನ್ನು ನಿಲ್ಲಿಸಿ ಚಿತ್ರ ತೆಗೆದ ನಮ್ಮ ಊರುಗಳ ಸ್ಟುಡಿಯೋದವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಕ್ಯಾಮರಾದ ಅಳತೆಗಣ್ಣು ಎಲ್ಲವನ್ನೂ ನಡುಬಣ್ಣದ ಬೂದಿಯೆಂದೇ ಎಣಿಸುತ್ತದೆ. ಬಿಳುಪು ಹೆಚ್ಚಿದರೆ ಬೆಳಕು ಹೆಚ್ಚಾಯಿತೆಂದು ತಿಳಿದು ಕಡಮೆ ಮಾಡುತ್ತದೆ. ಹಿಮ ಬೂದಿಯಾಗಿ, ರುಮಾಲು ಮಾಸಿದಂತಾಗಿ ಬರುತ್ತದೆ. ಅದಕ್ಕೆ ಬೆಳಕನ್ನು ಒಂದರಿಂದ ಎರಡು ಪಟ್ಟಿಯಷ್ಟು ಏರಿಸಬೇಕು. ಆದರೆ ತೀರ ಏರಿಸಿದರೆ ಪೆಂಗ್ವಿನ್ನಿನ ಬಿಳಿಯ ಎದೆಯ ಗರಿಗಳು ಹಿಮದೊಳಗೆ ಕರಗಿಹೋಗುತ್ತವೆ. ಕರಿಯ ಬೆನ್ನೂ ಬಿಳಿಯ ಎದೆಯೂ ಒಂದೇ ಚಿತ್ರದಲ್ಲಿ ಗರಿಗರಿಯಾಗಿ ನಿಲ್ಲಬೇಕಾದರೆ ಮೋಡ ಮುಸುಕಿದ ಹಗಲೇ ಲೇಸು, ಇಲ್ಲವೆ ಬೇಸಗೆಯ ನಡುರಾತ್ರಿಯಲ್ಲಿ ದಿಗಂತದ ಮೇಲೆ ತೂಗುವ ಕೆಂಬಿಸಿಲು. ಚಳಿಗೆ ಬ್ಯಾಟರಿಯ ಕಸುವು ಬೇಗ ಬತ್ತುವುದರಿಂದ ಒಳಅಂಗಿಯ ಜೇಬಿನಲ್ಲಿ ಮೈಯ ಕಾವಿಗೆ ಇನ್ನೊಂದನ್ನು ಇರಿಸಿಕೊಂಡಿರಬೇಕು. ಹಡಗಿನ ಬೆಚ್ಚನೆಯ ಕೋಣೆಗೆ ಹೋಗುವ ಮುನ್ನ ಹೊರಗೇ ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಕು. ಇಲ್ಲವಾದರೆ ಒಳಗಿನ ತೇವ ತಣ್ಣನೆಯ ಮಸೂರದ ಮೇಲೆ ಇಬ್ಬನಿಯಾಗಿ ಕೂರುತ್ತದೆ.

ಕೈ ನೀಡಬೇಕೆ, ಬೇಡವೆ?

ಚಿತ್ರ ತೆಗೆಯುವವನು ಎಷ್ಟು ದೂರ ನಿಲ್ಲಬೇಕೆಂಬುದು ಅಡಿಗೋಲಿನಿಂದ ಮುಗಿಯುವ ಪ್ರಶ್ನೆಯಲ್ಲ. ಚಕ್ರವರ್ತಿ ಪೆಂಗ್ವಿನ್ನಿನ ಗಂಡು ತತ್ತಿಯನ್ನು ಪಾದಗಳ ಮೇಲಿರಿಸಿಕೊಂಡು, ಹೊಟ್ಟೆಯ ಮಡಿಕೆಯಿಂದ ಮುಚ್ಚಿ, ಅನ್ನಾಹಾರವಿಲ್ಲದೆ ಸುಮಾರು ೬೫ ದಿನ ಚಳಿಗಾಲದ ಇರುಳಿನಲ್ಲಿ ನಿಲ್ಲುತ್ತದೆ. ತತ್ತಿ ಜಾರಿ ಮಂಜಿನ ಮೇಲೆ ಬಿದ್ದರೆ ಕ್ಷಣಗಳಲ್ಲಿ ಸೆಟೆದುಹೋಗುತ್ತದೆ. ೨೦೦೫ರಲ್ಲಿ ತೆರೆಗೆ ಬಂದು ಮರುವರ್ಷ ಆಸ್ಕರ್ ಪಡೆದ ಲ್ಯೂಕ್ ಜಾಕೆಯ ಫ್ರೆಂಚ್ ಚಿತ್ರ ಈ ತಪಸ್ಸನ್ನು ಲೋಕಕ್ಕೆಲ್ಲ ತೋರಿಸಿತು. ಅಲ್ಲಿ ತತ್ತಿ ಒಡೆದಾಗಲೂ ಮರಿ ಸತ್ತಾಗಲೂ ಕ್ಯಾಮರಾ ಸುಮ್ಮನೆ ನೋಡಿತು. ನಿಸರ್ಗದ ನಡೆಯಲ್ಲಿ ಕೈಯಾಡಿಸಬಾರದೆಂಬುದೇ ಈ ಕಸಬಿನ ಧರ್ಮವೆಂದು ಹಿರಿಯರು ವಿಧಿಸಿದ್ದಾರೆ.

೨೦೧೮ರಲ್ಲಿ ಬಿತ್ತರವಾದ ಬಿಬಿಸಿಯ ಸರಣಿಯೊಂದಕ್ಕಾಗಿ ಅಟ್ಕಾ ಕೊಲ್ಲಿಯಲ್ಲಿ ಚಿತ್ರಿಸುತ್ತಿದ್ದ ತಂಡಕ್ಕೆ ಈ ಧರ್ಮ ಸಂಕಟವಾಗಿ ಎದುರು ನಿಂತಿತು. ಬಿರುಗಾಳಿಗೆ ಸಿಕ್ಕ ಕೆಲವು ತಾಯಂದಿರು ಮರಿಗಳೊಡನೆ ಆಳವಾದ ಹಿಮದ ಕೊರಕಲಿನಲ್ಲಿ ಬಿದ್ದಿದ್ದವು. ಜಾರುವ ಗೋಡೆಯನ್ನು ಹತ್ತಿ ಬರಲಾರದೆ ಒಂದೊಂದಾಗಿ ಸೋಲುತ್ತಿದ್ದವು. ತಂಡದವರು ಹಕ್ಕಿಗಳನ್ನು ಎತ್ತಿ ಹೊರಗಿಡಲಿಲ್ಲ. ಗುದ್ದಲಿಯಿಂದ ಹಿಮವನ್ನು ಕಡಿದು ಇಳಿಜಾರಾದ ದಾರಿಯೊಂದನ್ನು ಮಾಡಿ ದೂರ ಸರಿದರು. ಹಕ್ಕಿಗಳು ತಾವೇ ಅದನ್ನು ಕಂಡು ಹತ್ತಿ ಬಂದವು. ಇದು ತಪ್ಪೆಂದವರೂ ಉಂಟು, ಸರಿಯೆಂದವರೂ ಉಂಟು. ನಮಗೆ ತೋರುವಂತೆ, ಮುಟ್ಟದೆ ಮಾಡಿದ ಆ ಉಪಕಾರದಲ್ಲಿ ಐದು ಮೀಟರಿನ ನಿಯಮಕ್ಕಿಂತ ಆಳವಾದ ಮರ್ಯಾದೆಯೊಂದಿದೆ.

ದೂರದಿಂದ ಕಂಡ ಸತ್ಯ

ಪೆಂಗ್ವಿನ್‌ಗಳ ಅತ್ಯಂತ ಉಪಯುಕ್ತವಾದ ಛಾಯಾಚಿತ್ರಗಳಲ್ಲಿ ಪೆಂಗ್ವಿನ್ನೇ ಕಾಣುವುದಿಲ್ಲವೆಂದರೆ ಸೋಜಿಗವಾಗಬಹುದು. ೨೦೦೯ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕಾ ಸಮೀಕ್ಷೆಯ ಶಾಸ್ತ್ರಜ್ಞರು ಉಪಗ್ರಹದ ಚಿತ್ರಗಳಲ್ಲಿ ಬಿಳಿಯ ಹಿಮದ ಮೇಲಿನ ಕಂದು ಕಲೆಗಳನ್ನು ಗುರುತಿಸಿದರು. ಅವು ತಿಂಗಳುಗಟ್ಟಲೆ ಒಂದೆಡೆ ನಿಂತ ಚಕ್ರವರ್ತಿ ಪೆಂಗ್ವಿನ್‌ಗಳ ಹಿಕ್ಕೆಯ ಗುರುತು. ೨೦೧೨ರಲ್ಲಿ ಹೀಗೆಯೇ ಬಾಹ್ಯಾಕಾಶದಿಂದ ಎಣಿಸಿ, ಸುಮಾರು ೫,೯೫,೦೦೦ ಹಕ್ಕಿಗಳಿವೆಯೆಂದು ಲೆಕ್ಕ ಹಾಕಿದರು. ೨೦೨೦ರಲ್ಲಿ, ಭೂಮಿಯಿಂದ ೭೮೬ ಕಿಲೊಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಚಿತ್ರಗಳಿಂದ ಇನ್ನೂ ೧೧ ನೆಲೆಗಳು ತಿಳಿದುಬಂದು ಒಟ್ಟು ಸಂಖ್ಯೆ ೬೧ಕ್ಕೆ ಏರಿತು.

ಆ ಚಿತ್ರಗಳೇ ಒಂದು ಅಳಲಿನ ವಾರ್ತೆಯನ್ನೂ ತಂದವು. ಚಕ್ರವರ್ತಿ ಪೆಂಗ್ವಿನ್‌ಗಳು ಸಾಮಾನ್ಯವಾಗಿ ಮರಿ ಮಾಡುವುದು ನೆಲದ ಮೇಲಲ್ಲ, ದಡಕ್ಕೆ ಕಚ್ಚಿಕೊಂಡ ಕಡಲ ಮಂಜಿನ ಮೇಲೆ. ಮರಿಗೆ ನೀರು ಸೋಕದ ಗರಿ ಮೂಡುವವರೆಗೆ ಆ ಮಂಜು ಕರಗಬಾರದು. ೨೦೨೨ರ ಕೊನೆಯಲ್ಲಿ ಬೆಲಿಂಗ್ಸ್‌ಹೌಸನ್ ಕಡಲಿನಲ್ಲಿ ಮಂಜು ಅಕಾಲದಲ್ಲಿ ಒಡೆಯಿತು. ಅಲ್ಲಿಯ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಗರಿ ಬಲಿಯುವ ಮೊದಲೇ ಮಂಜು ಕಾಣೆಯಾಗಿ, ಮರಿಗಳು ಉಳಿಯದೆ ಹೋದವೆಂದು ಶಾಸ್ತ್ರಜ್ಞರು ನಿರ್ಣಯಿಸಿದರು. ಹಿಂದಿನ ಚಿತ್ರದಲ್ಲಿ ಇದ್ದ ಕಂದು ಕಲೆ ಮುಂದಿನ ಚಿತ್ರದಲ್ಲಿ ಇಲ್ಲ: ಅಷ್ಟೇ ಆ ವಾರ್ತೆಯ ರೂಪ. ಹ್ಯಾಚ್‌ನ ಕಡಾಯಿಯನ್ನು ನಿಲ್ಲಿಸಲು ಒಂದು ಸರಕಾರದ ಆಜ್ಞೆ ಸಾಕಾಯಿತು. ಈ ಕರಗುವಿಕೆಗೆ ಮಾತ್ರ ಲೋಕದ ಒಲೆಗಳೂ ಎಂಜಿನ್ನುಗಳೂ ಎಲ್ಲ ಹೊಣೆ. ಕೃಷ್ಣೆಯ ದಂಡೆಯವರಾದ ನಾವೂ ಆ ಲೆಕ್ಕದಲ್ಲಿ ಸೇರಿದವರೇ.

ಎರೆಯ ಹೊಲದ ತತ್ತಿ

ಧ್ರುವಯಾತ್ರೆ ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯವಾದೀತು? ಬೆರಳೆಣಿಕೆಯವರಿಗೆ. ಆದರೆ ಕ್ಯಾಮರಾ ಈಗ ಪ್ರತಿಯೊಂದು ಜೇಬಿನಲ್ಲಿದೆ. ರಜೆಯ ದಿನ ಹೊಲಗಳ ಕಡೆಗೆ, ನದಿಯ ದಂಡೆಗೆ ಹಕ್ಕಿಯ ಚಿತ್ರಕ್ಕೆಂದು ಹೊರಡುವ ತರುಣರು ಅಥಣಿಯಲ್ಲೂ ಇದ್ದಾರೆ, ರಾಯಬಾಗದಲ್ಲೂ ಇದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದು. ಅವರಿಗೆ ಪೆಂಗ್ವಿನ್ ಹೇಳುವ ಪಾಠ ಇಲ್ಲಿಯೇ, ನಮ್ಮ ಎರೆಯ ಹೊಲದಲ್ಲಿಯೇ ಉಪಯೋಗಕ್ಕೆ ಬರುತ್ತದೆ.

ಟಿಟ್ಟಿಭವನ್ನು ಅರಿಯದವರು ಈ ಸೀಮೆಯಲ್ಲಿಲ್ಲ. ಅದು ಗೂಡು ಕಟ್ಟುವ ಗೊಡವೆಗೆ ಹೋಗದೆ ಬಯಲ ನೆಲದ ಮೇಲೆ ಹೆಂಟೆಯ ಬಣ್ಣದ ನಾಲ್ಕು ತತ್ತಿಗಳನ್ನಿಟ್ಟು ಬೇಸಗೆಯ ಬಿಸಿಲಲ್ಲಿ ಅವನ್ನು ಕಾಯುತ್ತದೆ. ಕಾಯುವುದೆಂದರೆ ಇಲ್ಲಿ ಕಾವು ಕೊಡುವುದಷ್ಟೇ ಅಲ್ಲ. ನಡುಹಗಲಿನಲ್ಲಿ ತನ್ನ ಮೈಯ ನೆರಳನ್ನೇ ಕೊಡುವುದು, ನೀರಿನಲ್ಲಿ ಎದೆಯ ಗರಿಗಳನ್ನು ತೋಯಿಸಿಕೊಂಡು ಬಂದು ತತ್ತಿಗಳನ್ನು ತಂಪಾಗಿಸುವುದು. ಮನುಷ್ಯನು ಹತ್ತಿರ ಬಂದರೆ ಅದು ಎದ್ದು, ತಲೆಯ ಮೇಲೆ ಸುತ್ತುತ್ತ ಅರಚುತ್ತದೆ. ಪೆಂಗ್ವಿನ್ ಬಾಯಿಬಿಟ್ಟು ಹೇಳಲಾರದ ಮಾತನ್ನೇ ಇದು ಕೂಗಿ ಹೇಳುತ್ತದೆ. ಆದರೂ ಚಿತ್ರದ ಆಸೆಗೆ ಬಿದ್ದವನು ಅಲ್ಲಿಯೇ ನಿಂತರೆ, ಅವನು ನಿಂತಷ್ಟು ಹೊತ್ತೂ ತತ್ತಿಗಳ ಮೇಲೆ ನೆರಳಿರುವುದಿಲ್ಲ. ದಕ್ಷಿಣದ ತುದಿಯಲ್ಲಿ ತಾಯಿ ಸರಿದರೆ ತತ್ತಿ ಹೆಪ್ಪುಗಟ್ಟುತ್ತದೆ; ಇಲ್ಲಿ ತಾಯಿ ಸರಿದರೆ ತತ್ತಿ ಬೇಯುತ್ತದೆ.

ಒಳ್ಳೆಯ ಚಿತ್ರವೆಂದರೆ ಯಾವುದು ಎಂದು ಕೇಳಿದರೆ ಬೆಳಕು, ನೆಲೆ, ಭಂಗಿ ಎಂದು ಹಲವು ಉತ್ತರಗಳನ್ನು ಕೊಡಬಹುದು. ಅವೆಲ್ಲಕ್ಕೂ ಮುಂಚಿನ ಉತ್ತರವೊಂದಿದೆ. ಚಿತ್ರ ತೆಗೆದವನು ಹೊರಟುಹೋದ ಮೇಲೆ ಹಕ್ಕಿ ಅವನು ಬರುವ ಮೊದಲು ಮಾಡುತ್ತಿದ್ದುದನ್ನೇ ಮಾಡುತ್ತಿರಬೇಕು. ಅಂಜುವ ಹಕ್ಕಿ ಹಾರಿಹೋಗಿ ಈ ನೀತಿಯನ್ನು ನಮಗೆ ಬಲವಂತದಿಂದ ಕಲಿಸುತ್ತದೆ. ಅಂಜದ ಹಕ್ಕಿಯ ಮುಂದೆ ನಾವೇ ಅದನ್ನು ಕಲಿಯಬೇಕು. ಟಿಟ್ಟಿಭ ಅರಚತೊಡಗಿತೆಂದರೆ ಕ್ಯಾಮರಾವನ್ನು ಇಳಿಸಿ, ಬಂದ ದಾರಿಯಲ್ಲೇ ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ. ಅದು ಮರಳಿ ತತ್ತಿಗಳ ಮೇಲೆ ನೆರಳಾಗಿ ಕುಳಿತರೆ, ಚಿತ್ರ ತೆಗೆಯಲು ಅದೇ ತಕ್ಕ ದೂರ.